ರಾಕಿ ಹಾರರ್ ಪಿಕ್ಚರ್ ಶೋ ಮನೆಯಲ್ಲಿ ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಂಗಳೂರಿನ ರಾತ್ರಿಗಳು ಖಾಲಿ. ಆಟ ಇಲ್ಲ, ಹೊರಗೆ ಹೋಗೋಣ ಎಂದರೆ ಮಳೆ ಬಿಡುವುದಿಲ್ಲ. ಆ ದಿನಗಳಲ್ಲಿ ಮಣ್ಣಗುಡ್ಡೆಯ ನಮ್ಮ ಮನೆಯ ಚಾವಡಿಯಲ್ಲಿ ವರ್ಷಕ್ಕೊಮ್ಮೆಯಾದರೂ ಈ ಸಿನಿಮಾ ಹಾಕುತ್ತೇವೆ. ನೆರೆಮನೆಯವರು ಬರುತ್ತಾರೆ, ಮಣಿಪಾಲದಲ್ಲಿ ಓದುವ ಅಕ್ಕನ ಮಗ ಗೆಳೆಯರನ್ನು ಕಟ್ಟಿಕೊಂಡು ಬರುತ್ತಾನೆ. ಪ್ರತಿ ವರ್ಷ ಹೊಸಬರು ಇರುತ್ತಾರೆ, ಕೇಳುವ ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಕಥೆಯ ಕೊನೆಯೂ ಇದರಲ್ಲಿ ಬರುತ್ತದೆ. ಮೊದಲೇ ತಿಳಿಯುವುದು ಬೇಡ ಎನ್ನುವವರು ಸಿನಿಮಾ ನೋಡಿ ಆಮೇಲೆ ಓದಿ.

ಇದರಲ್ಲಿ ಎಂತ ಕಥೆ ಉಂಟು?

ಬ್ರಾಡ್, ಜಾನೆಟ್ ಎಂಬ ಸಾಧು ಜೋಡಿ. ಮದುವೆ ಆಗುವುದೆಂದು ಆಗಷ್ಟೇ ಮಾತಾಗಿದೆ. ಮಳೆಯ ರಾತ್ರಿ, ಕಾಡಿನ ದಾರಿ, ಕಾರಿನ ಟಯರ್ ಹೋಗುತ್ತದೆ. ಫೋನ್ ಮಾಡೋಣ ಎಂದು ಹತ್ತಿರದ ಬಂಗಲೆಯ ಬಾಗಿಲು ತಟ್ಟುತ್ತಾರೆ. ಒಳಗೆ ಡಾಕ್ಟರ್ ಫ್ರಾಂಕ್-ಎನ್-ಫರ್ಟರ್ ಇದ್ದಾನೆ. ಹೆಂಗಸರ ಒಳಉಡುಪು, ಕಪ್ಪು ಸ್ಟಾಕಿಂಗ್ಸ್, ಮುಖದ ತುಂಬ ಬಣ್ಣ. ಅವತ್ತು ರಾತ್ರಿಯೇ ತನ್ನ ಲ್ಯಾಬಿನಲ್ಲಿ ಒಬ್ಬ ಗಂಡಸನ್ನು ತಯಾರಿಸಿ ಜೀವ ಕೊಡುತ್ತಾನೆ. ಅವನೇ ರಾಕಿ. ಬಂಗಲೆಯವರು ಈ ಭೂಮಿಯವರೇ ಅಲ್ಲ ಎನ್ನುವುದು ಆಮೇಲೆ ಗೊತ್ತಾಗುತ್ತದೆ. ನಡುನಡುವೆ ಹಾಡು, ಕುಣಿತ, ಕೊಲೆ, ಊಟ.

ಹಳೆಯ ಹಾರರ್ ಮತ್ತು ಸೈನ್ಸ್ ಫಿಕ್ಷನ್ ಸಿನಿಮಾಗಳನ್ನು ಮನಸಾರೆ ಪ್ರೀತಿಸಿದವರು ಮಾಡಿದ ಸಿನಿಮಾ ಇದು. ಫ್ರಾಂಕ್ ಆಗಿ ಟಿಮ್ ಕರಿ, ಜಾನೆಟ್ ಆಗಿ ಸೂಸನ್ ಸರಂಡನ್, ಬ್ರಾಡ್ ಆಗಿ ಬ್ಯಾರಿ ಬೋಸ್ಟ್‌ವಿಕ್. ನಿರ್ದೇಶಕ ಜಿಮ್ ಶಾರ್ಮನ್. ಹಾಡುಗಳನ್ನೂ ಮೂಲ ನಾಟಕವನ್ನೂ ಬರೆದ ರಿಚರ್ಡ್ ಓಬ್ರಿಯನ್ನೇ ಗೂನು ಬೆನ್ನಿನ ಸೇವಕ ರಿಫ್ ರಾಫ್.

ಮೊದಲು ಓಡಲೇ ಇಲ್ಲವಂತೆ. ಮತ್ತೆ ಇಷ್ಟು ಹೆಸರು ಹೇಗೆ ಬಂತು?

ಹೌದು, ಓಡಲಿಲ್ಲ. 1973ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನ ಮಹಡಿಯ ಸಣ್ಣ ರಂಗದಲ್ಲಿ ನಾಟಕವಾಗಿ ಶುರುವಾಯಿತು. ಅಲ್ಲಿ ಗೆದ್ದಿತು. 1975ರಲ್ಲಿ ಸಿನಿಮಾ ಬಂತು. ಬಹಳ ಕಡೆ ಕುರ್ಚಿಗಳು ಖಾಲಿಯೇ ಉಳಿದವು, ಸಿನಿಮಾ ಬೇಗನೆ ಥಿಯೇಟರ್ ಬಿಟ್ಟಿತು. 1976ರ ಏಪ್ರಿಲ್ 1ರಿಂದ ನ್ಯೂಯಾರ್ಕಿನ ವೇವರ್ಲಿ ಥಿಯೇಟರಿನಲ್ಲಿ ಮಧ್ಯರಾತ್ರಿಯ ಆಟವಾಗಿ ಹಾಕತೊಡಗಿದರು. ಅಲ್ಲಿ ಬಂದವರೇ ಮತ್ತೆ ಮತ್ತೆ ಬಂದರು. ಪರದೆಯ ಕಡೆಗೆ ಮಾತು ಎಸೆದರು. ವೇಷ ಹಾಕಿಕೊಂಡು ಬಂದರು. ಪರದೆಯ ಎದುರು ನಿಂತು ಅಭಿನಯಿಸಿದರು. ಜರ್ಮನಿಯ ಮ್ಯೂನಿಕ್‌ನಲ್ಲಿ ಒಂದು ಥಿಯೇಟರ್ 1977ರಿಂದ ಇದನ್ನು ಹಾಕುತ್ತಾ ಬಂದಿದೆ. 2005ರಲ್ಲಿ, ಉಳಿಸಿಕೊಳ್ಳಬೇಕಾದ ಸಿನಿಮಾಗಳ ಅಮೆರಿಕದ ಪಟ್ಟಿ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೂ ಸೇರಿತು.

ಪೋಸ್ಟರಿಗೆ, ಪೇಪರಿನ ವಿಮರ್ಶೆಗೆ ಆಗದ ಕೆಲಸವನ್ನು ನೋಡುವವರು ಮಾಡಿದರು. ನನಗೆ ಈ ಸಿನಿಮಾದ ಮೇಲೆ ಗೌರವ ಹುಟ್ಟಿದ್ದು ಮೊದಲು ಇದೇ ಕಾರಣಕ್ಕೆ.

ಎಲ್ಲರೂ ಅತಿ ಮಾಡುತ್ತಾರಲ್ಲ ಮಾರಾಯ್ರೆ. ಇದು ಕೆಟ್ಟ ನಟನೆ ಅಲ್ವಾ?

ಅಲ್ಲ. ಬೇಕೆಂದೇ ಅತಿ ಮಾಡುವುದು, ಅದನ್ನೂ ಚಂದವಾಗಿ, ಲೆಕ್ಕ ತಪ್ಪದ ಹಾಗೆ ಮಾಡುವುದು ಒಂದು ಕಲೆ. ಇಂಗ್ಲಿಷಿನವರು ಅದಕ್ಕೆ ಕ್ಯಾಂಪ್ ಎನ್ನುತ್ತಾರೆ. ನಮ್ಮ ಊರಿನವರಿಗೆ ಇದನ್ನು ಜಾಸ್ತಿ ವಿವರಿಸುವ ಅಗತ್ಯವೇ ಇಲ್ಲ. ಯಕ್ಷಗಾನದ ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಟ್ಟ ಬಣ್ಣದ ವೇಷ ಮೆಲ್ಲಗೆ ಮಾತಾಡಿದರೆ ಆಗುತ್ತದಾ? ಆರ್ಭಟೆ ಕೊಡಲೇಬೇಕು. ಅಲ್ಲಿ ಯಾರೂ ಅತಿಯಾಯಿತು ಎನ್ನುವುದಿಲ್ಲ.

ಫ್ರಾಂಕ್‌ನ ಪ್ರವೇಶವನ್ನು ಗಮನಿಸಿ ನೋಡಿ. ಮೊದಲು ಕಾಣುವುದು ಮುಖ ಅಲ್ಲ. ಜಾಲರಿಯ ಲಿಫ್ಟ್ ಕೆಳಗೆ ಇಳಿಯುತ್ತಿದೆ, ಒಳಗೆ ಮಿನುಗುವ ಹೈ ಹೀಲ್‌ನ ಒಂದು ಕಾಲು ತಾಳಕ್ಕೆ ಸರಿಯಾಗಿ ಕುಟ್ಟುತ್ತಿದೆ. ಹಾಡಿನ ಲಯ ಏರುತ್ತದೆ. ಜಾನೆಟ್ ತಿರುಗಿ ನೋಡಿ ಕಿರುಚುತ್ತಾಳೆ. ಆಮೇಲೆ ಕಪ್ಪು ನಿಲುವಂಗಿ, ಬಿಳಿ ಬಳಿದ ಮುಖ, ಕಡುಗೆಂಪು ತುಟಿ. ಒಂದೆರಡು ಸಾಲು ಹಾಡಿ, ನಡೆದು ಬಂದು, ನಿಲುವಂಗಿ ಎಸೆಯುವವರೆಗೆ ಅವನು ಒಳಗೆ ಎಂತ ತೊಟ್ಟಿದ್ದಾನೆ ಎಂದು ನಮಗೆ ಗೊತ್ತಿಲ್ಲ. ನನ್ನ ಅಮ್ಮ ಇದನ್ನು ಮೊದಲ ಸಲ ನೋಡಿದಾಗ "ತೆರೆ ಹಿಡಿದು ಸ್ವಲ್ಪ ಸ್ವಲ್ಪವೇ ತೋರಿಸುವುದು, ನಮ್ಮದೇ ಅಲ್ವಾ ಇದು?" ಎಂದು ಕೇಳಿದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆಟ ನೋಡಿ ಗೊತ್ತು.

ಇನ್ನೂ ಒಂದು ಹೋಲಿಕೆ ಹೇಳುತ್ತೇನೆ. ನಡುನಡುವೆ ಕೋಟು ಹಾಕಿದ ಹಿರಿಯರೊಬ್ಬರು ಪುಸ್ತಕ ಹಿಡಿದು ಬಂದು ಕಥೆ ಮುಂದುವರಿಸುತ್ತಾರೆ. ಚಾರ್ಲ್ಸ್ ಗ್ರೇ ಮಾಡಿದ ಪಾತ್ರ ಅದು. ಆಟದಲ್ಲಿ ಹಾಡುತ್ತಾ ಕಥೆ ನಡೆಸುವವರು ಭಾಗವತರು, ನಮ್ಮ ಮನೆಯಲ್ಲಿ ಇವರಿಗೂ ಭಾಗವತರು ಎಂದೇ ಹೆಸರು.

ಯಾವ ಡಿಸ್ಕ್ ತೆಗೆದುಕೊಳ್ಳಬೇಕು?

ಬ್ರಿಟಿಷ್ ಆವೃತ್ತಿ ಇರುವುದನ್ನು ತೆಗೆದುಕೊಳ್ಳಿ. ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಕೊನೆಯ ಹಾಡು 'ಸೂಪರ್ ಹೀರೋಸ್' ತೆಗೆದುಬಿಟ್ಟಿದ್ದರು. ಬಂಗಲೆ ಆಕಾಶಕ್ಕೆ ಹಾರಿಹೋದ ಮೇಲೆ ಬ್ರಾಡ್, ಜಾನೆಟ್ ಮತ್ತು ಅವರ ಹಳೆಯ ಮೇಷ್ಟ್ರು ಡಾಕ್ಟರ್ ಸ್ಕಾಟ್ ಹೊಗೆಯಲ್ಲಿ, ಮಣ್ಣಿನಲ್ಲಿ ತೆವಳುತ್ತಾ ಹಾಡುವ ಹಾಡು ಅದು. ನೋಡುವವರ ಖುಷಿ ಇಳಿಯುತ್ತದೆ ಎಂದು ತೆಗೆದಿರಬೇಕು. ಆದರೆ ಅದಿಲ್ಲದೆ ಸಿನಿಮಾ ಸುಮ್ನೆ ಒಂದು ತಮಾಷೆಯಾಗಿ ಮುಗಿಯುತ್ತದೆ. ಅದಿದ್ದರೆ, ರಾತ್ರಿಯಿಡೀ ನಕ್ಕ ನಗು ಗಂಟಲಲ್ಲಿ ನಿಲ್ಲುತ್ತದೆ. 2000ನೇ ಇಸವಿಯಲ್ಲಿ, 25ನೇ ವರ್ಷಕ್ಕೆ ಬಂದ ಡಿವಿಡಿಯಲ್ಲಿ ಎರಡೂ ಆವೃತ್ತಿಗಳಿವೆ, ಮೆನುವಿನಲ್ಲಿ ಆರಿಸಿಕೊಳ್ಳಬಹುದು. 35ನೇ ವರ್ಷಕ್ಕೆ, 2010ರಲ್ಲಿ ಬಂದ ಬ್ಲೂರೇಯಲ್ಲೂ ಹಾಗೆಯೇ.

ಹೊರದೇಶದಿಂದ ತರಿಸುವುದಾದರೆ ಡಬ್ಬದ ಹಿಂಬದಿ ನೋಡಿ. ಭೂಗೋಳದ ಸಣ್ಣ ಚಿತ್ರ, ಅದರೊಳಗೆ ಡಿಸ್ಕ್ ಯಾವ ವಲಯದ ಪ್ಲೇಯರಿಗೆ ಎಂದು ಹೇಳುವ ಒಂದು ಅಂಕೆ ಇರುತ್ತದೆ. ಡಿವಿಡಿಗೆ ಅಮೆರಿಕ 1, ಬ್ರಿಟನ್ 2, ಭಾರತ 5. ಬ್ಲೂರೇಗೆ ಅಂಕೆಯ ಬದಲು ಅಕ್ಷರ. ಅಮೆರಿಕ ಎ, ಬ್ರಿಟನ್ ಬಿ, ನಾವು ಸಿ. ನನಗೆ ಒಬ್ಬರು ಅಮೆರಿಕದಿಂದ ಪ್ರೀತಿಯಿಂದ ತಂದುಕೊಟ್ಟ ಡಿವಿಡಿ ನಮ್ಮ ಪ್ಲೇಯರಿನಲ್ಲಿ ಓಡಲಿಲ್ಲ. ಎಲ್ಲ ವಲಯದ ಡಿಸ್ಕ್ ಓಡಿಸುವ ಪ್ಲೇಯರ್ ಹುಡುಕುವವರೆಗೆ ಎರಡು ಮಳೆಗಾಲ ಅದು ಕಪಾಟಿನಲ್ಲೇ ಕೂತಿತ್ತು.

ಶ್ರುತಿಯ ಕಿವಿ ಇರುವವರಿಗೆ ಇನ್ನೊಂದು ಮಾತು. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಬ್ರಿಟನ್ನಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿ ಮತ್ತು ಕ್ಯಾಸೆಟ್ ಓಡುವುದು 25ರ ಲೆಕ್ಕದಲ್ಲಿ. ಹಾಗಾಗಿ 100 ನಿಮಿಷದ ಸಿನಿಮಾ 96 ನಿಮಿಷಕ್ಕೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ಹಾರ್ಮೋನಿಯಂನ ಸುಮಾರು ಮುಕ್ಕಾಲು ಮನೆಯಷ್ಟು ಮೇಲೇರುತ್ತದೆ. ಬ್ಲೂರೇಯಲ್ಲಿ ಹಾಡುಗಳು ಹಾಡಿದ ಶ್ರುತಿಯಲ್ಲೇ ಕೇಳುತ್ತವೆ. ಟಿಮ್ ಕರಿಯ ದನಿಯ ಆಳ ಸಿಗಬೇಕಾದರೆ ಬ್ಲೂರೇಯೇ ಒಳ್ಳೆಯದು.

ಹಳೆಯ ವಿಡಿಯೋ ಕ್ಯಾಸೆಟ್ ಇದೆ. ಹಾಕಬಹುದಾ?

ಮೊದಲು ಅದರ ಕಿಟಕಿಯಿಂದ ಟೇಪ್ ಸುರುಳಿ ನೋಡಿ. ಬಿಳಿ ಪುಡಿಯಂತೆ ಏನಾದರೂ ಕಂಡರೆ ಅದು ಬೂಷ್ಟು. ಹಾಕಲೇಬೇಡಿ. ವಿಸಿಆರ್‌ನ ಹೆಡ್ ಹಾಳಾಗುತ್ತದೆ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಕ್ಯಾಸೆಟ್, ಡಿಸ್ಕ್ ಎರಡನ್ನೂ ಬಿಗಿ ಮುಚ್ಚಳದ ಡಬ್ಬದಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ ಆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಡಿಸ್ಕ್ ಒರೆಸುವಾಗ ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಸುತ್ತ ತಿರುಗಿಸಬೇಡಿ.

ನಾನು ಇದನ್ನು ಮೊದಲು ನೋಡಿದ್ದು ಕ್ಯಾಸೆಟಿನಲ್ಲೇ. ಲಂಡನ್ನಿನಲ್ಲಿ ನರ್ಸ್ ಆಗಿದ್ದ ಅತ್ತೆಯ ಮಗಳು ರಜೆಗೆ ಬಂದಾಗ ತಂದಿದ್ದಳು. ಅಲ್ಲಿಯೂ ಪಾಲ್, ಇಲ್ಲಿಯೂ ಪಾಲ್, ತೊಂದರೆ ಇಲ್ಲದೆ ಓಡಿತು. ಅಮೆರಿಕದಲ್ಲಿ ಕ್ಯಾಸೆಟ್ ಬಂದದ್ದೇ 1990ರಲ್ಲಿ, ಅದೂ ಅಲ್ಲಿನ ಟಿವಿ ಪದ್ಧತಿ ಎನ್‌ಟಿಎಸ್‌ಸಿಯಲ್ಲಿ. ನಮ್ಮ ಆಗಿನ ಟಿವಿಗಳಲ್ಲಿ ಅಂಥ ಕ್ಯಾಸೆಟ್ ಹಾಕಿದರೆ ಬಣ್ಣ ಹೋಗುತ್ತಿತ್ತು, ಚಿತ್ರ ಉರುಳುತ್ತಿತ್ತು.

ಟಿವಿಯ ಎರಡು ಬದಿ ಕಪ್ಪು ಪಟ್ಟಿ ಬರುತ್ತದಲ್ಲ?

ಇರಲಿ. ಸಿನಿಮಾದ ಅಳತೆಯೇ ಹಾಗೆ, ಈಗಿನ ಟಿವಿಗಿಂತ ಅಗಲ ಸ್ವಲ್ಪ ಕಡಿಮೆ. ಜೂಮ್ ಒತ್ತಿದರೆ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ, ಹೈ ಹೀಲ್ ಕಾಣುವುದಿಲ್ಲ.

ಮಕ್ಕಳ ಜೊತೆ ನೋಡಬಹುದಾ?

ಬೇಡ. ದೊಡ್ಡವರ ಸಿನಿಮಾ ಇದು. ಅಮೆರಿಕದಲ್ಲೂ ಆರ್ ಸರ್ಟಿಫಿಕೇಟ್.

ದೊಡ್ಡವರಿಗೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫ್ರಾಂಕ್ ಕತ್ತಲಲ್ಲಿ ಬ್ರಾಡ್‌ನ ಹಾಗೆ ನಟಿಸಿ ಜಾನೆಟ್‌ಳ ಹಾಸಿಗೆಗೆ, ಜಾನೆಟ್‌ಳ ಹಾಗೆ ನಟಿಸಿ ಬ್ರಾಡ್‌ನ ಹಾಸಿಗೆಗೆ ಹೋಗುತ್ತಾನೆ. ಸಿನಿಮಾ ಅದನ್ನು ನಗುವಾಗಿ ತೋರಿಸುತ್ತದೆ. ಒಪ್ಪಿಗೆ ಇಲ್ಲದ್ದು ನಗುವ ವಿಷಯ ಅಲ್ಲ. ನಮ್ಮ ಚಾವಡಿಯಲ್ಲಿ ಆ ದೃಶ್ಯದ ಬಗ್ಗೆ ಪ್ರತಿ ಸಲ ಮಾತಾಗುತ್ತದೆ, ಆಗಬೇಕು. ಫ್ರಾಂಕ್ ತನ್ನನ್ನು ಕರೆದುಕೊಳ್ಳುವ ಇಂಗ್ಲಿಷ್ ಪದವೂ ಇವತ್ತು ಹಲವರಿಗೆ ನೋವು ಮಾಡುವ ಪದ. ಹಾಡಿನಲ್ಲಿದೆ ಎಂದು ಅದನ್ನು ಬೀದಿಯಲ್ಲಿ ಯಾರಿಗೂ ಹೇಳಬೇಡಿ.

ಅದೇ ಹೊತ್ತಿಗೆ, ತನ್ನ ಊರಿನಲ್ಲಿ ತನ್ನಂಥವರು ಬೇರೆ ಯಾರೂ ಇಲ್ಲ ಎಂದುಕೊಂಡಿದ್ದ ಎಷ್ಟೋ ಮಂದಿಗೆ ಆ ಮಧ್ಯರಾತ್ರಿಯ ಆಟಗಳು ಜಾಗ ಕೊಟ್ಟವು. ನಮ್ಮಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದು 377ನೇ ಕಲಮಿನ ತೀರ್ಪು ಕೊಟ್ಟದ್ದು 2018ರ ಸೆಪ್ಟೆಂಬರ್ 6ಕ್ಕೆ. ಆ ವರ್ಷ ನಮ್ಮ ಮನೆಗೆ ಸಿನಿಮಾ ನೋಡಲು ಬಂದ ಒಬ್ಬ ಹುಡುಗ ಮುಗಿದ ಮೇಲೂ ಎದ್ದು ಹೋಗದೆ, "ಇನ್ನೊಮ್ಮೆ ಹಾಕ್ತೀರಾ ಅಕ್ಕ?" ಎಂದು ಕೇಳಿದ. ಹಾಕಿದೆವು.

ಹಾಡಿನ ಇಂಗ್ಲಿಷ್ ಹಿಡಿಯಲು ಆಗುವುದಿಲ್ಲ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಮೊದಲ ಹಾಡಿನಲ್ಲಿ ಬರುವುದು ಹೆಚ್ಚಾಗಿ ಹಳೆಯ ಸಿನಿಮಾಗಳ, ನಟರ ಹೆಸರು. ಅವು ತಿಳಿಯದಿದ್ದರೂ ನಷ್ಟ ಇಲ್ಲ, ಕತ್ತಲಲ್ಲಿ ತೇಲುವ ಆ ತುಟಿಗಳನ್ನು ನೋಡಿ. ತುಟಿ ಬಂಗಲೆಯ ಸೇವಕಿಯಾಗಿ ನಟಿಸಿದ ಪೆಟ್ರೀಷಿಯಾ ಕ್ವಿನ್ ಅವರದು, ದನಿ ಓಬ್ರಿಯನ್ ಅವರದು.

ಅಕ್ಕಿ ಎಸೆಯಬೇಕಂತೆ, ನೀರು ಹಾರಿಸಬೇಕಂತೆ. ಮನೆಯಲ್ಲಿ ಅದೆಲ್ಲ ಆಗುತ್ತದಾ?

ಆಗುತ್ತದೆ, ನಮ್ಮ ರೀತಿಯಲ್ಲಿ. ಥಿಯೇಟರಿನ ಪದ್ಧತಿ ಹೀಗೆ: ಶುರುವಿನ ಮದುವೆಗೆ ಅಕ್ಕಿ. ಮಳೆಯಲ್ಲಿ ಜಾನೆಟ್ ತಲೆ ಮೇಲೆ ಪೇಪರ್ ಹಿಡಿದಾಗ ನೋಡುವವರೂ ಪೇಪರ್ ಹಿಡಿಯುತ್ತಾರೆ, ಹಿಂದಿನ ಸಾಲಿನವರು ಪಿಚಕಾರಿಯಲ್ಲಿ ನೀರು ಬಿಡುತ್ತಾರೆ. ಲ್ಯಾಬಿನಲ್ಲಿ ಫ್ರಾಂಕ್ ರಬ್ಬರ್ ಕೈಗವಸು ಎಳೆದು ಚಟ್ ಎನ್ನಿಸಿದಾಗ ಇವರೂ ಚಟ್ ಎನ್ನಿಸುತ್ತಾರೆ. ಡಾಕ್ಟರ್ ಸ್ಕಾಟ್ ಬಂದಾಗ ಟಾಯ್ಲೆಟ್ ಪೇಪರ್ ಸುರುಳಿ ಹಾರುತ್ತದೆ, ಊಟದ ಮೇಜಿನಲ್ಲಿ ಟೋಸ್ಟ್.

ಅನ್ನ ಮೆಟ್ಟಬಾರದು ಎಂದು ಬೆಳೆದವರು ನಾವು. ಮದುವೆಗೆ ಅಕ್ಷತೆ ಹಾಕುವುದು ಬೇರೆ, ನೆಲದ ಮೇಲೆ ಅಕ್ಕಿ ಚೆಲ್ಲಾಡಿ ಅದರ ಮೇಲೆ ಕುಣಿಯುವುದು ಬೇರೆ. ಅದಕ್ಕೆ ನಮ್ಮಲ್ಲಿ ಗೊಂಡೆ ಹೂವಿನ ಎಸಳು. ಎಸೆಯಲು ಚಂದ, ಗುಡಿಸಲು ಸುಲಭ, ಕಾಲು ಜಾರುವುದಿಲ್ಲ. ಎಷ್ಟೋ ಥಿಯೇಟರ್‌ಗಳೂ ಅಕ್ಕಿ ಬೇಡ ಎನ್ನುತ್ತವೆ. ನೀರು ಬೇಡವೇ ಬೇಡ, ಟಿವಿ ಇದೆ, ಎಕ್ಸ್‌ಟೆನ್ಷನ್ ಬೋರ್ಡ್ ಇದೆ. ನಮಗೆ ನೀರಿನ ಅಗತ್ಯವೂ ಇಲ್ಲ. ಜುಲೈಯಲ್ಲಿ ಹಾಕಿದರೆ ಹೆಂಚಿನ ಮೇಲೆ ನಿಜವಾದ ಮಳೆಯೇ ಹೊಯ್ಯುತ್ತಿರುತ್ತದೆ. ಹಳೆಯ ಉದಯವಾಣಿ ಬಿಡಿಸಿ ಎಲ್ಲರೂ ತಲೆ ಮೇಲೆ ಹಿಡಿಯುತ್ತೇವೆ. ಪರದೆಯಲ್ಲಿ ಮಳೆ, ಮಾಡಿನ ಮೇಲೆ ಮಳೆ, ನಡುವೆ ಪೇಪರ್ ಹಿಡಿದು ಕುಳಿತ ಹದಿನೈದು ಜನ. ಆ ಖುಷಿ ಯಾವ ಥಿಯೇಟರಿನಲ್ಲೂ ಸಿಗುವುದಿಲ್ಲ.

ಮಾತು ಎಸೆಯುವುದಾದರೆ ಕನ್ನಡ, ತುಳು, ಕೊಂಕಣಿ ಯಾವುದಾದರೂ ಸರಿ. ಇಂಗ್ಲಿಷಿನ ಹಳೆಯ ಸಾಲುಗಳನ್ನು ಬಾಯಿಪಾಠ ಮಾಡಬೇಕೆಂದಿಲ್ಲ. ನಮ್ಮ ತುಳು ನಾಟಕ ನೋಡಿ ಬೆಳೆದವರಿಗೆ ಸರಿಯಾದ ಹೊತ್ತಿಗೆ ಒಂದು ಮಾತು ಹಾಕುವುದು ಯಾರೂ ಕಲಿಸಬೇಕಾದ ವಿದ್ಯೆ ಅಲ್ಲ. ಒಂದೇ ನಿಯಮ, ಪಾತ್ರದ ಕಾಲೆಳೆಯಿರಿ, ಪಕ್ಕದಲ್ಲಿ ಕುಳಿತವರದ್ದು ಬೇಡ.

ಸಿನಿಮಾದ ಟೈಮ್ ವಾರ್ಪ್ ಹಾಡಿಗೆ ಕುಣಿಯಲು ಬರುವುದಿಲ್ಲ.

ಯಾರಿಗೂ ಮೊದಲೇ ಬರುವುದಿಲ್ಲ. ಹಾಡಿನ ನಡುವೆ ಭಾಗವತರೇ ಹೆಜ್ಜೆಯ ನಕ್ಷೆ ತೋರಿಸಿ ಹೇಳಿಕೊಡುತ್ತಾರೆ. ಎಡಕ್ಕೊಂದು ನೆಗೆತ, ಬಲಕ್ಕೊಂದು ಹೆಜ್ಜೆ, ಸೊಂಟಕ್ಕೆ ಕೈ, ಮೊಣಕಾಲು ಜೋಡಿಸುವುದು, ಆಮೇಲೆ ಸೊಂಟ ಮುಂದಕ್ಕೆ. ರಿಮೋಟ್ ಕೈಯಲ್ಲಿದೆ, ಹಿಂದಕ್ಕೆ ತಂದು ಇನ್ನೊಮ್ಮೆ ಕುಣಿಯಬಹುದು. ಮಂಡಿನೋವು ಇರುವವರು ಕುರ್ಚಿಯಲ್ಲಿ ಕುಳಿತು ಕೈ ಮಾತ್ರ ಮಾಡಿದರೂ ಆಯಿತು. ರಾತ್ರಿ 10ರ ಮೊದಲು ಈ ಹಾಡು ಮುಗಿಯುವ ಹಾಗೆ ಸಿನಿಮಾ ಶುರು ಮಾಡಿ, ನೆರೆಯವರಿಗೆ ತೊಂದರೆ ಬೇಡ.

ತಿನ್ನಲು ಎಂತ ಮಾಡುವುದು?

ಗೋಳಿಬಜೆ, ಬನ್ಸ್, ಚರುಮುರಿ. ಮಾಂಸದ ಊಟ ಇದ್ದರೆ ಸಿನಿಮಾಕ್ಕೆ ಮೊದಲೇ ಮುಗಿಸಿ. ಫ್ರಾಂಕ್‌ನ ಮನೆಯ ಊಟದ ಮೇಜಿನಲ್ಲಿ ಬಡಿಸಿದ್ದು ಎಂತ ಎಂದು ಗೊತ್ತಾಗುವ ಹೊತ್ತಿಗೆ ನಿಮ್ಮ ತಟ್ಟೆಯಲ್ಲಿ ಕೋರಿ ರೊಟ್ಟಿ ಇರಬಾರದು.

ಪಾಸ್ ಒತ್ತಿ ನೋಡುವಂಥದ್ದು ಏನಾದರೂ ಉಂಟಾ?

ತುಂಬ ಉಂಟು. ಶುರುವಿನ ಮದುವೆಯ ಚರ್ಚಿನಲ್ಲಿ ನಿಲ್ಲಿಸಿ ಮುಖಗಳನ್ನು ನೋಡಿ. ಪಾದ್ರಿ ಯಾರು? ಟಿಮ್ ಕರಿ. ಬಾಗಿಲ ಬಳಿ ಬಿಗಿದ ಮುಖದಲ್ಲಿ ನಿಂತವರು ಓಬ್ರಿಯನ್, ಕ್ವಿನ್. ಬಂಗಲೆಯವರು ಮೊದಲ ದೃಶ್ಯದಲ್ಲೇ ಇದ್ದಾರೆ. ಕಾರಿನ ರೇಡಿಯೋದಲ್ಲಿ ಬರುವುದು ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟ ಭಾಷಣ, 1974ರ ಆಗಸ್ಟ್ 8ರದ್ದು. ಭಾಗವತರು ಕಥೆ ನಡೆದದ್ದು ನವೆಂಬರ್ ಕೊನೆಗೆ ಎನ್ನುತ್ತಾರೆ. ಕೊನೆಯ ಕುಣಿತದ ಈಜುಕೊಳದಲ್ಲಿ ಫ್ರಾಂಕ್ ಹಿಡಿದ ತೇಲುವ ಬಳೆಯ ಮೇಲೆ ಟೈಟಾನಿಕ್ ಎಂದು ಬರೆದಿದೆ.

ಈ ನಟರು ಕೊರೆಯುವ ಚಳಿಯಲ್ಲಿ ಕೆಲಸ ಮಾಡಿದ್ದಾರೆ. ಬಂಗಲೆ ಲಂಡನ್ನಿನ ಪಶ್ಚಿಮಕ್ಕೆ ವಿಂಡ್ಸರ್ ಹತ್ತಿರದ ಓಕ್ಲಿ ಕೋರ್ಟ್. ಈಗ ಅದು ಹೋಟೆಲ್, 1974ರ ಕೊನೆಗೆ ಅಲ್ಲಿ ಶೂಟಿಂಗ್ ನಡೆಯುವಾಗ ಪಾಳುಬಿದ್ದ ಮನೆ. ಕಡಿಮೆ ಬಟ್ಟೆಯಲ್ಲಿ, ನೀರಿನಲ್ಲಿ ನೆನೆದು ಸೂಸನ್ ಸರಂಡನ್ ಕಾಯಿಲೆ ಬಿದ್ದರು. ಕೊಳದ ದೃಶ್ಯದಲ್ಲಿ ಅವರು ನಗುತ್ತಿರುವುದನ್ನು ನೋಡಿದಾಗ ನನಗೆ ಪ್ರತಿ ಸಲ ಇದು ನೆನಪಾಗುತ್ತದೆ.

ಗುಂಪು ಇಲ್ಲದೆ ಒಬ್ಬರೇ ನೋಡಿದರೆ ಮಜಾ ಬರುತ್ತದಾ?

ಮಜಾ ಕಡಿಮೆ, ಸಿಗುವುದು ಜಾಸ್ತಿ. ನನ್ನನ್ನು ಕೇಳಿದರೆ ಎರಡು ಸಲ ನೋಡಿ. ಒಮ್ಮೆ ಗುಂಪಿನಲ್ಲಿ ಗಲಾಟೆ ಮಾಡುತ್ತಾ, ಇನ್ನೊಮ್ಮೆ ಒಬ್ಬರೇ, ಹೆಡ್‌ಫೋನ್ ಹಾಕಿಕೊಂಡು. ಥಿಯೇಟರಿನ ಕೂಗಾಟದಲ್ಲಿ ಮುಚ್ಚಿಹೋಗುವ ಒಂದು ಹಾಡು ಮನೆಯಲ್ಲಿ ಮಾತ್ರ ಪೂರ್ತಿ ಕೇಳುತ್ತದೆ.

ಆಟ ಮುಗಿಯುತ್ತಾ ಬಂದಿದೆ. ಸೇವಕರೇ ಫ್ರಾಂಕ್‌ನ ಎದುರು ಆಯುಧ ಹಿಡಿದು ನಿಂತಿದ್ದಾರೆ. ಅವನು ಮನೆಗೆ ಹೋಗುತ್ತೇನೆ ಎಂದು ಹಾಡತೊಡಗುತ್ತಾನೆ. ಎದುರಿನ ಕುರ್ಚಿಗಳು ಖಾಲಿ. ಹಾಡುತ್ತಾ ಹೋದ ಹಾಗೆ ಅವನ ಕಣ್ಣಿಗೆ ಆ ಕುರ್ಚಿಗಳು ತುಂಬುತ್ತವೆ. ಒಳ್ಳೆಯ ಬಟ್ಟೆ ತೊಟ್ಟವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಕಣ್ಣೀರಿಗೆ ಕಾಡಿಗೆ ಕರಗಿ ಕೆನ್ನೆಗೆ ಇಳಿದಿದೆ, ಅವನು ನಗುತ್ತಿದ್ದಾನೆ. ಹಾಡು ಮುಗಿಯುತ್ತದೆ. ಕುರ್ಚಿಗಳು ಮತ್ತೆ ಖಾಲಿ.

ಇಡೀ ರಾತ್ರಿಯ ಬಯಲಾಟ ನೋಡಿದವರಿಗೆ ಬೆಳಗಿನ ಜಾವ ನಾಲ್ಕು ಗಂಟೆ ಹೇಗಿರುತ್ತದೆ ಎಂದು ಗೊತ್ತು. ಚರುಮುರಿಯವನು ಗಾಡಿ ಕಟ್ಟಿರುತ್ತಾನೆ. ಮಕ್ಕಳು ಚಾಪೆಯಲ್ಲಿ ನಿದ್ದೆ. ಹಿಂದಿನ ಸಾಲುಗಳು ಬರಿದು. ರಂಗಸ್ಥಳದಲ್ಲಿ ಮಾತ್ರ ವೇಷ ಪೂರ್ತಿ ಸಭೆ ಇದ್ದಾಗ ಹೇಗೋ ಹಾಗೆಯೇ ಕುಣಿಯುತ್ತಿರುತ್ತದೆ. ಬೆವರಿಗೆ ಬಣ್ಣ ಇಳಿದಿರುತ್ತದೆ. ಆ ಹಾಡು ಕೇಳುವಾಗ ನನಗೆ ಕಾಣುವುದು ಅದೇ. ಈ ಸಿನಿಮಾ ಎಷ್ಟೇ ನಗಿಸಲಿ, ನಾನು ವರ್ಷ ವರ್ಷ ಹಾಕುವುದು ಆ ನಾಲ್ಕೈದು ನಿಮಿಷಕ್ಕಾಗಿ.

ಮುಗಿದ ಕೂಡಲೇ ಲೈಟ್ ಹಾಕಬಹುದಾ?

ಹಾಕಬೇಡಿ. ಭಾಗವತರು ಭೂಗೋಳ ತಿರುಗಿಸಿ ಕೊನೆಯ ಮಾತು ಹೇಳುತ್ತಾರೆ. ಆಮೇಲೆ ಹೆಸರುಗಳು ಏರುವಾಗ ಶುರುವಿನ ಹಾಡೇ ಮತ್ತೆ ಬರುತ್ತದೆ, ಈ ಸಲ ನಿಧಾನಕ್ಕೆ. ಬಂಗಲೆ ಖಾಲಿಯಾದ ಮೇಲೆ ಅದೇ ಹಾಡು ಬೇರೆಯೇ ಕೇಳುತ್ತದೆ. ಪೂರ್ತಿ ಮುಗಿಯಲಿ. ಆಮೇಲೆ ಲೈಟ್ ಹಾಕಿ, ಚಹಾಕ್ಕೆ ನೀರಿಡಿ, ಗೊಂಡೆ ಎಸಳು ಗುಡಿಸಿ.